ಉಪ್ಪು ಬಿಡಿ ಅಂದವನು ನಾನು

ರೇಷ್ಮೆಗೂಡನ್ನು ಅಲ್ಲಾಡಿಸಿ ನೋಡುವುದನ್ನು ನಮ್ಮ ಶಿಡ್ಲಘಟ್ಟದಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಎರಡು ಬೆರಳಲ್ಲಿ ಗೂಡು ಹಿಡಿದು ಕಿವಿಯ ಪಕ್ಕ ಆಡಿಸಿದರೆ, ಒಳಗಿನ ಹುಳ ಗಟ್ಟಿ ಕೋಶವಾಗಿದ್ದಾಗ ಟಕಟಕ ಎಂದು ಬಡಿಯುತ್ತದೆ. ಇನ್ನೂ ಮೆತ್ತಗಿದ್ದರೆ ಸುಮ್ಮನಿರುತ್ತದೆ. ಸದ್ದು ಬಂದರೆ ಗೂಡನ್ನು ತಟ್ಟೆಯಿಂದ ಬಿಡಿಸಿ ಮಾರುಕಟ್ಟೆಗೆ ಒಯ್ಯಬಹುದು, ಬರದಿದ್ದರೆ ಕಾಯಬೇಕು. ಇಷ್ಟು ಶಾಲೆಗೆ ಹೋಗುವ ಮಕ್ಕಳಿಗೂ ಗೊತ್ತು. ಆದರೆ ನಾನು ಹೇಳಹೊರಟಿರುವ ಯಜಮಾನರು ನಾಲ್ಕು ಗೂಡು ಆಡಿಸಿ, "ನಾಳೆ ಬೇಡ ಕಣಪ್ಪ, ನಾಡಿದ್ದು ಬಿಸಿಲು ಬಿದ್ಮೇಲೆ ಬಿಡಿಸು" ಅನ್ನುತ್ತಿದ್ದರು. ಅವರು ಹೇಳಿದ ಮೇಲೆ ಇನ್ನೊಬ್ಬರನ್ನು ಕೇಳುವ ಪದ್ಧತಿ ಸುತ್ತಲಿನ ಹಳ್ಳಿಗಳಲ್ಲಿ ಇರಲಿಲ್ಲ.

ಅವರು ಬಹಳ ವರ್ಷ ನೂಲು ಬಿಚ್ಚುವ ಕಸುಬು ಮಾಡಿದವರು. ಬಿಸಿನೀರಿನಲ್ಲಿ ಅದ್ದಿ ಅದ್ದಿ ಬೆರಳ ತುದಿಗಳು ಬೆಳ್ಳಗೆ ನೆನೆದುಹೋಗಿದ್ದವು. ವಯಸ್ಸಾದ ಮೇಲೆ ಚರಕ ನಿಲ್ಲಿಸಿದರು, ಗೂಡಿನ ಸಹವಾಸ ಬಿಡಲಿಲ್ಲ. ಗೂಡು ಕೊಂಡು ನೂಲು ತೆಗೆಯುವ ಸಣ್ಣಪುಟ್ಟ ರೀಲರ್‌ಗಳು ಹರಾಜಿಗೆ ಮುಂಚೆ ಗೂಡಿನ ಲಾಟ್ ನೋಡಲು ಅವರನ್ನು ಮಾರುಕಟ್ಟೆಗೆ ಕರೆದುಕೊಂಡು ಹೋಗುತ್ತಿದ್ದರು. ಹುಳ ಸಾಕುವವರು ಗೂಡು ಬಿಡಿಸುವ ದಿನ ಕೇಳಲು ಮನೆಗೇ ಬರುತ್ತಿದ್ದರು. ಹರಾಜು ಕಂಪ್ಯೂಟರಿಗೆ, ಆಮೇಲೆ ಮೊಬೈಲಿಗೆ ಬಂದಾಗ ಅವರು ಸ್ವಲ್ಪವೂ ಗಾಬರಿಯಾಗಲಿಲ್ಲ. "ಫೋನಲ್ಲಿ ರೇಟು ಒತ್ತಬೋದಪ್ಪ, ಗೂಡು ಆಡ್ಸಕ್ಕಾಯ್ತದಾ?" ಎಂದು ನಕ್ಕುಬಿಟ್ಟರು.

ನನ್ನದು ಮೆಡಿಕಲ್ ಶಾಪ್. ಮಾರುಕಟ್ಟೆ ಮುಗಿಸಿಕೊಂಡು ಮನೆಗೆ ಹೋಗುವ ದಾರಿಯಲ್ಲಿ ಅವರು ನನ್ನ ಅಂಗಡಿಯ ಮುಂದಿನ ಬೆಂಚಿನ ಮೇಲೆ ಅರ್ಧ ಗಂಟೆ ಕೂರುತ್ತಿದ್ದರು. ಬಂದವರೇ "ಏನ್ ಡಾಕ್ಟ್ರೇ" ಅನ್ನುವರು. ನಾನು ಓದಿದ್ದು ಬರೀ ಡಿ ಫಾರ್ಮ. ಆದರೂ ಆ "ಡಾಕ್ಟ್ರೇ" ಕೇಳಿ ಒಳಗೊಳಗೇ ಹಿಗ್ಗುತ್ತಿದ್ದೆ ಎಂಬುದನ್ನು ಈಗಲೇ ಒಪ್ಪಿಕೊಂಡುಬಿಡುತ್ತೇನೆ. ಮುಂದೆ ನಡೆದದ್ದಕ್ಕೆಲ್ಲ ಅದೇ ಬೇರು.

ಅವರಿಗೆ ಯಾವುದನ್ನು ಕೈಗೆ ಕೊಟ್ಟರೂ ಒಮ್ಮೆ ಕಿವಿಯ ಹತ್ತಿರ ಆಡಿಸದೆ ಸಮಾಧಾನವಿಲ್ಲ. ತೆಂಗಿನಕಾಯಿ ಸರಿ, ಎಲ್ಲರೂ ಆಡಿಸುತ್ತಾರೆ. ಇವರು ಬೆಂಕಿಪೊಟ್ಟಣ, ಮಾತ್ರೆ ಡಬ್ಬಿ, ಹುಣಸೆಕಾಯಿ, ಒಮ್ಮೆ ನನ್ನ ಕೈಗಡಿಯಾರವನ್ನೂ ಆಡಿಸಿ ನೋಡಿದರು. ಒಂದು ಸಲ ಔಷಧ ಕಂಪನಿಯ ರೆಪ್ ಒಬ್ಬ ಟೈ ಕಟ್ಟಿಕೊಂಡು ಬಂದು, ಹೊಸ ಕ್ಯಾಪ್ಸೂಲಿನ ಡಬ್ಬಿ ಹಿಡಿದು ಒಂದೇ ಉಸಿರಿನಲ್ಲಿ ಮಾತಾಡುತ್ತಿದ್ದ. ಇವರು ಮೆಲ್ಲಗೆ ಆ ಡಬ್ಬಿ ಈಸಿಕೊಂಡು ಕಿವಿಗೆ ಹಿಡಿದು ಆಡಿಸಿದರು. "ಔಷ್ದಿ ಕಮ್ಮಿ ಇದೆ, ಗಾಳಿ ಜಾಸ್ತಿ ಇದೆ" ಅಂದರು. ಆ ಹುಡುಗನೂ ನಕ್ಕುಬಿಟ್ಟ. ಅಂಗಡಿಯ ಮುಂದೆ ಯಾರಾದರೂ ರಾಜಕೀಯ ಮಾತಾಡುತ್ತಾ ವಿಪರೀತ ಹಾರಾಡಿದರೆ, ಅವನು ಹೋದ ಮೇಲೆ "ಇವ್ನು ಇನ್ನೂ ಮೇಯೋ ಹುಳ, ಗೂಡು ಕಟ್ಟೋದು ಬಾಳ ದೂರ ಇದೆ" ಅನ್ನುತ್ತಿದ್ದರು. ಎದುರಿಗೆ ಯಾರನ್ನೂ ಏನೂ ಅಂದವರಲ್ಲ. ಯಾರದಾದರೂ ತಪ್ಪು ಕಂಡರೆ ಹೇಳುತ್ತಿರಲಿಲ್ಲ, ಸುಮ್ಮನೆ ಅವನ ಮುಖ ನೋಡಿಕೊಂಡು ಕೂತಿರುತ್ತಿದ್ದರು. ಅವನಾಗಿಯೇ ಬಾಯಿಬಿಡಲಿ ಎಂದು ಕಾಯುವುದು ಅವರ ಪದ್ಧತಿ.

ಗೂಡಿನ ರಾಶಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಕೂತು ಅವರಿಗೆ ಮಂಡಿನೋವು ಬಂತು. ನಮ್ಮ ಕಡೆ ಮಂಡಿನೋವಿಗೆ ಯಾರೂ ಆಸ್ಪತ್ರೆಗೆ ಹೋಗುವುದಿಲ್ಲ, ಮೆಡಿಕಲ್ ಶಾಪಿಗೆ ಬರುತ್ತಾರೆ. ನಾನು ಆಸ್ಪಿರಿನ್ ಕೊಟ್ಟೆ. ಹಳೆಯ ಕಾಲದ ಮಾತ್ರೆ, ಈಗ ನೋವಿಗೆಂದು ಅದನ್ನು ಬರೆಯುವವರು ಕಡಿಮೆ. ನನಗೆ ಅದರ ಮೇಲೆ ನಂಬಿಕೆ. ಮೊದಲು ಹೊತ್ತಿಗೊಂದು ಅಂದೆ. ಸಾಲದು ಅಂದರು. ಎರಡು ಮಾಡಿದೆ. ಚಳಿಗಾಲ ಬಂತು, ನೋವು ಜಾಸ್ತಿಯಾಯಿತು. "ಮೂರು ಹೊತ್ತೂ ಮೂರು ಮೂರು ಹಾಕ್ಕೊಳ್ಳಿ ಯಜಮಾನ್ರೇ, ಊಟ ಆದ್ಮೇಲೆ" ಅಂದೆ. ಚೀಟಿ ಇಲ್ಲ, ಡಾಕ್ಟರಿಲ್ಲ, ನನ್ನ ಬಾಯಿಮಾತೇ ಚೀಟಿ. ಮಂಡಿ ಹಗುರಾಯಿತು. "ನಿನ್ ಕೈಗುಣ ಕಣಪ್ಪ" ಅಂದರು. ನಾನು ಬೀಗಿದೆ.

ಕೆಲವೇ ವಾರಗಳಲ್ಲಿ ಕಿವಿಯ ಕಥೆ ಶುರುವಾಯಿತು. "ಡಾಕ್ಟ್ರೇ, ಕಿವೀಲಿ ಜೀರುಂಡೆ ಸೇರ್ಕೊಂಡೈತೆ. ಎರಡೂ ಕಡೆ. ಕೀ ಅಂತ ಒಂದೇ ಸಮ" ಅಂದರು. ನಾನು ಟಾರ್ಚ್ ಬಿಟ್ಟು ನೋಡಿ, ಗುಗ್ಗೆ ಕಟ್ಟಿದೆ ಅಂದು ಡ್ರಾಪ್ಸ್ ಕೊಟ್ಟೆ. ಗುಗ್ಗೆ ಹೋಯಿತು, ಜೀರುಂಡೆ ಹೋಗಲಿಲ್ಲ. ಚಿಂತಾಮಣಿಯಲ್ಲಿ ಒಬ್ಬರು ನಾಟಿ ವೈದ್ಯರು ನರದ ದೌರ್ಬಲ್ಯ ಅಂದರಂತೆ, ಎಣ್ಣೆ ಹಾಕಿದರಂತೆ. ಯಾರೋ ಗ್ಯಾಸ್ ಅಂದರು, ಯಾರೋ ಪಕ್ಕದ ಮನೆಯಲ್ಲಿ ನೂಲು ಹುರಿ ಮಾಡುವ ಮಿಷನ್ನಿನ ಗದ್ದಲ ಅಂದರು.

ಮಗಳ ಮನೆ ಗೌರಿಬಿದನೂರಿನಲ್ಲಿತ್ತು. ಅಳಿಯ ಅಲ್ಲಿ ಕಿವಿ ಪರೀಕ್ಷೆ ಮಾಡಿಸಿದರು. ಅದನ್ನು ಅವರು ಬಂದು ವರ್ಣಿಸಿದ್ದು ಇನ್ನೂ ನೆನಪಿದೆ. "ಒಂದು ಪೆಟ್ಗೆಯಂಥ ರೂಮಲ್ಲಿ ಕೂರ್ಸಿ, ತಲೆಗೆ ಹೆಡ್‌ಫೋನ್ ಹಾಕಿ, ಕೈಗೆ ಬಟನ್ ಕೊಟ್ರು. ಸದ್ದು ಕೇಳ್ಸಿದಾಗ ಒತ್ತಿ ತಾತ ಅಂತು ಆ ಹುಡ್ಗಿ. ಕೇಳಿಸ್ತಾನೇ ಇದೆ, ಒತ್ತುತ್ತಾನೇ ಇದ್ದೆ. ನಾನಿನ್ನೂ ಮಿಷನ್ನೇ ಆನ್ ಮಾಡಿಲ್ಲ ತಾತ ಅಂತು." ಬೆಂಚಿನಲ್ಲಿದ್ದವರೆಲ್ಲ ನಕ್ಕರು, ನಾನೂ ನಕ್ಕೆ. ಅವರೂ ನಕ್ಕು, ಆಮೇಲೆ ಜೇಬಿನಿಂದ ಒಂದು ಗೂಡು ತೆಗೆದು ಕಿವಿಗೆ ಹಿಡಿದರು. ಆಡಿಸಿದರು. ಇನ್ನೊಮ್ಮೆ ಆಡಿಸಿದರು. "ಇದು ಒಳಗಿನ ಸದ್ದೋ ನನ್ ಸದ್ದೋ ತಿಳೀತಿಲ್ಲಪ್ಪ" ಎಂದು ಮತ್ತೆ ಜೇಬಿಗೆ ಹಾಕಿಕೊಂಡರು.

ಅವರು ಕೈಕಟ್ಟಿ ಕೂರುವ ಜಾತಿಯಲ್ಲ. ರಾಶಿಯಿಂದ ಒಂದೊಂದೇ ಕೆಟ್ಟ ಗೂಡು ಆರಿಸಿ ಹೊರಗೆ ಹಾಕುವಂತೆ ತಮ್ಮ ದಿನಚರಿಯನ್ನೇ ಆರಿಸಲು ಕೂತರು. ವಾರಕ್ಕೊಂದು ಬಿಡುವುದು, ಸದ್ದು ಹೋಗುತ್ತದೆಯೋ ನೋಡುವುದು, ಹೋಗದಿದ್ದರೆ ಅದನ್ನು ಮತ್ತೆ ಹಿಡಿದು ಇನ್ನೊಂದು ಬಿಡುವುದು. ಒಂದು ವಾರ ಕಾಫಿ ಬಿಟ್ಟರು. ಒಂದು ವಾರ ಎಲೆಅಡಿಕೆ. ಹುರಿ ಮಿಷನ್ನಿನ ಗೋಡೆಯ ಕಡೆಯಿಂದ ಮಂಚವನ್ನು ಹಿಂದಿನ ಕೋಣೆಗೆ ಹಾಕಿಸಿದರು. ಮೊಬೈಲನ್ನು ಹೆಂಡತಿಗೆ ಕೊಟ್ಟರು. ಪ್ರತಿ ಸೋಮವಾರ ಬಂದು ವರದಿ ಒಪ್ಪಿಸುವರು. ಅವರ ಮನೆಮಾತು ತೆಲುಗು. ಬೆಂಚಿನ ಮೇಲೆ ಕೂರುತ್ತಾ ತಮ್ಮಷ್ಟಕ್ಕೆ ತಾವೇ "ಇಂಕಾ ಉಂದಿ" ಅಂದುಕೊಳ್ಳುವರು. ಇನ್ನೂ ಇದೆ. ಆಮೇಲೆ ನನ್ನ ಕಡೆ ತಿರುಗಿ, "ಇನ್ನೇನ್ ಬಿಡ್ಲಿ ಹೇಳಪ್ಪ ಡಾಕ್ಟ್ರೇ?" ಎಂದು ಕೇಳುವರು.

ಎಲ್ಲವನ್ನೂ ಬಿಟ್ಟು ನೋಡಿದ ಆ ಮನುಷ್ಯ ಬಿಡದೆ ಉಳಿದದ್ದು ಒಂದೇ, ನನ್ನ ಮಾತ್ರೆ. ಅದನ್ನು ಅವರು ಲೆಕ್ಕಕ್ಕೇ ಹಿಡಿದಿರಲಿಲ್ಲ. ನಮ್ಮ ಜನರಿಗೆ ಔಷಧಿ ಅಂದರೆ ಡಾಕ್ಟರು ಬರೆದದ್ದು. ಅಂಗಡಿಯಲ್ಲಿ ಕೇಳಿ ತಂದದ್ದು ಔಷಧಿಯಲ್ಲ, ಕಾಫಿಪುಡಿಯಂತೆ ಮನೆಸಾಮಾನು.

ನನಗೆ ಅನುಮಾನ ಬಂದದ್ದು ಒಂದು ಮಧ್ಯಾಹ್ನ. ಅಂಗಡಿ ಖಾಲಿಯಿತ್ತು. ಆಸ್ಪಿರಿನ್ ಪೊಟ್ಟಣದೊಳಗಿನ, ಇಷ್ಟು ವರ್ಷದಲ್ಲಿ ಒಮ್ಮೆಯೂ ಬಿಚ್ಚದ ಸಣ್ಣಕ್ಷರದ ಕಾಗದವನ್ನು ಕನ್ನಡಕ ಹಾಕಿ ಓದಿದೆ. ಜಾಸ್ತಿ ಪ್ರಮಾಣದಲ್ಲಿ ತೆಗೆದುಕೊಂಡರೆ ಕಿವಿಯಲ್ಲಿ ಸದ್ದು ಬರಬಹುದು, ಕಿವಿ ಮಂದವಾಗಬಹುದು ಎಂದು ಬರೆದಿತ್ತು. ಹೊಸ ವಿಷಯವೇನಲ್ಲ, ಕಾಲೇಜಿನಲ್ಲಿ ಓದಿ ಪರೀಕ್ಷೆಯಲ್ಲಿ ಬರೆದು ಪಾಸಾಗಿದ್ದೆ. ಮಾತ್ರೆ ನಿಲ್ಲಿಸಿದರೆ ಸಾಮಾನ್ಯವಾಗಿ ಹೋಗುತ್ತದೆ ಎಂಬುದೂ ಗೊತ್ತಿತ್ತು. ಕಾಗದವನ್ನು ಮಡಿಸಿ ಒಳಗಿಟ್ಟೆ. ಕಿವಿಗೆ ನೂರು ಕಾರಣ ಇರುತ್ತದೆ, ವಯಸ್ಸಾಗಿದೆ, ಜೀವಮಾನವೆಲ್ಲ ಮಿಷನ್ನಿನ ಪಕ್ಕ ಕೂತವರು, ನಾನೊಬ್ಬನೇ ಕಾರಣ ಹೇಗಾಗುತ್ತೇನೆ ಎಂದು ನನಗೆ ನಾನೇ ವಕಾಲತ್ತು ಮಾಡಿಕೊಂಡೆ. ಚೀಟಿಯಿಲ್ಲದೆ ಅಷ್ಟು ಮಾತ್ರೆ ಕೊಟ್ಟದ್ದು ಹೊರಗೆ ಬಂದರೆ ಊರು ಏನನ್ನುತ್ತದೆ ಎಂಬುದು ನಿಜವಾದ ಯೋಚನೆ.

ಮುಂದಿನ ಸೋಮವಾರ ಅವರು ಬಂದರು. "ಇನ್ನೇನ್ ಬಿಡ್ಲಿ ಹೇಳಪ್ಪ?" ಅಂದರು. ನಾನು ಸ್ವಲ್ಪ ಹೊತ್ತು ಯೋಚಿಸುವವನಂತೆ ನಟಿಸಿ, "ಉಪ್ಪು ಬಿಟ್ಟು ನೋಡಿ" ಅಂದೆ.

ಬಿಟ್ಟರು. ಉಪ್ಪಿಲ್ಲದ ಮುದ್ದೆ, ಉಪ್ಪಿಲ್ಲದ ಸಾರು. ಅವರ ಹೆಂಡತಿ ಅಂಗಡಿಗೆ ಬಂದು "ಏನ್ ಸ್ವಾಮಿ, ಹಿಂಗ್ ಹೇಳ್ಬಿಟ್ರಿ, ಊಟಾನೇ ಸೇರ್ತಿಲ್ಲ ಅವ್ರಿಗೆ" ಅಂದಾಗ ನಾನು ಗಂಭೀರವಾಗಿ, "ಒಂದು ವಾರ ಸಹಿಸ್ಕೊಳ್ಳಿ ಅಮ್ಮ" ಅಂದೆ. ಈ ಮಾತನ್ನು ಬರೆಯುವಾಗ ನನಗೆ ಮುಖ ಎಲ್ಲಿಡಬೇಕೋ ತಿಳಿಯುವುದಿಲ್ಲ.

ಉಪ್ಪಿನ ವಾರವೂ ಕಳೆದ ಮೇಲೆ ಅವರು ಚಿಕ್ಕಬಳ್ಳಾಪುರದ ಕಿವಿ ಡಾಕ್ಟರ ಹತ್ತಿರ ಹೊರಟರು. "ಇಂಗ್ಲಿಷಲ್ಲಿ ಏನಾರ ಅಂದ್ರೆ ನೀನಿರಪ್ಪ ಜೊತೇಲಿ" ಎಂದು ನನ್ನನ್ನೂ ಕರೆದರು. ಬರುವುದಿಲ್ಲ ಅನ್ನಲು ಬಾಯಿ ಬರಲಿಲ್ಲ. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಅವಸರವಿಲ್ಲದೆ ಕೇಳುವವರು. "ಸದ್ದು ಅನ್ನೋದೇ ಕಾಯಿಲೆ ಅಲ್ಲ ತಾತ. ಒಳಗೆ ಇನ್ನೇನೋ ಇದೆ ಅಂತ ಹೇಳೋ ಗುರುತು. ಅದೇನು ಅಂತ ಹುಡುಕ್ಬೇಕು. ಬಿಪಿ ಸರಿಯಾಗಿದೆ, ಕಿವಿ ಪರದೆ ಚೆನ್ನಾಗಿದೆ" ಅಂದರು. ಆಮೇಲೆ ಪೆನ್ನು ಹಿಡಿದುಕೊಂಡು, "ಯಾವ್ದಾದ್ರೂ ಮಾತ್ರೆ ತಗೋತಿದೀರಾ? ನೋವಿಗೆ, ಶುಗರ್‌ಗೆ, ಯಾವ್ದೇ ಆಗ್ಲಿ?" ಎಂದು ಕೇಳಿದರು.

ಯಜಮಾನರು ನನ್ನ ಮುಖ ನೋಡಿದರು. ಒಂದು ಕ್ಷಣ ಹೆಚ್ಚೇ ನೋಡಿದರು. ನಾನು ಗೋಡೆಯ ಮೇಲಿದ್ದ ಕಿವಿಯ ಚಿತ್ರ ನೋಡುತ್ತಿದ್ದೆ.

"ಇಲ್ಲಮ್ಮ. ಯಾವ್ದೂ ಇಲ್ಲ" ಅಂದರು.

ಡಾಕ್ಟರು ಅದನ್ನೇ ಬರೆದುಕೊಂಡು, ಕಿವಿಗೆ ಹಾಕಲು ಒಂದು ಡ್ರಾಪ್ಸ್ ಕೊಟ್ಟು ಕಳಿಸಿದರು. ಇಬ್ಬರೂ ಬಸ್ಸಿನಲ್ಲಿ ವಾಪಸು ಬಂದೆವು. ದಾರಿಯಲ್ಲಿ ಅವರು ಕಿಟಕಿಯ ಹೊರಗೆ ಹಿಪ್ಪುನೇರಳೆ ತೋಟಗಳನ್ನು ತೋರಿಸುತ್ತಾ, ಯಾವ ತೋಟದ ಸೊಪ್ಪು ಹುಳಕ್ಕೆ ಒಗ್ಗುತ್ತದೆ, ಯಾವುದು ಒಗ್ಗುವುದಿಲ್ಲ ಎಂದು ಹೇಳುತ್ತಿದ್ದರು. ನಾನು ಹ್ಞೂಂ ಹ್ಞೂಂ ಅನ್ನುತ್ತಿದ್ದೆ. ಶಿಡ್ಲಘಟ್ಟ ಬರುವಷ್ಟರಲ್ಲಿ ಹೇಳಿಬಿಡಬೇಕು ಎಂದುಕೊಂಡೆ. ಇಳಿದ ಮೇಲೆ ಎಂದುಕೊಂಡೆ. ಇಳಿದ ಮೇಲೆ ಅವರು ತಮ್ಮ ದಾರಿ ಹಿಡಿದರು, ನಾನು ಅಂಗಡಿಯ ಷಟರ್ ಎತ್ತಿದೆ.

ಅದಾಗಿ ಎಂಟು ಹತ್ತು ದಿನಕ್ಕೆ ಮಂಡಿಕಲ್ ಕಡೆಯ ಒಬ್ಬ ಹೆಣ್ಣುಮಗಳು ಗೂಡು ಬಿಡಿಸುವ ದಿನ ಕೇಳಲು ಇವರನ್ನು ಮನೆಗೆ ಕರೆಸಿಕೊಂಡಳು. ಅದು ಅವಳು ಸ್ವಂತಕ್ಕೆ ಸಾಕಿದ ಮೊದಲ ಬೆಳೆ. ಅದುವರೆಗೆ ಬೇರೆಯವರ ಹುಳದ ಮನೆಯಲ್ಲಿ ಸೊಪ್ಪು ಹಾಕುತ್ತಿದ್ದವಳು. ಇವರು ಗೂಡು ಆಡಿಸಿದರು. ಜೀರುಂಡೆಯ ನಡುವೆ ಟಕಟಕ ಕೇಳಿದಂತಾಯಿತು. "ಬಿಡಿಸಮ್ಮ" ಅಂದರು. ಆ ಸದ್ದು ಗೂಡಿನದಾಗಿರಲಿಲ್ಲ, ಅವರ ಕಿವಿಯದು. ಒಳಗಿನ ಹುಳ ಇನ್ನೂ ಹಸಿ. ಬಿಡಿಸಿ ಮೂಟೆ ಕಟ್ಟಿದಾಗ ಹುಳ ಒಡೆದು, ಕಂದು ನೀರು ಒಂದರಿಂದ ಇನ್ನೊಂದಕ್ಕೆ ಇಳಿದು, ಮಾರುಕಟ್ಟೆಯಲ್ಲಿ ಸುರಿದಾಗ ಇಡೀ ಲಾಟ್ ಕಲೆಯಾಗಿತ್ತು. ಕೊಳ್ಳುವವರು ಒಬ್ಬೊಬ್ಬರೇ ನೋಡಿ ಮುಂದೆ ಹೋದರು. ಅವಳು ಅಳಲಿಲ್ಲ, ಬೈಯಲೂ ಇಲ್ಲ. "ಏನ್ ಯಜಮಾನ್ರೇ, ನಿಮ್ ಕಿವಿ ನಂಬಿದ್ನಲ್ಲ" ಎಂದಷ್ಟೇ ಅಂದಳಂತೆ. ಅಷ್ಟು ಜನರ ಎದುರಿಗೆ ಅವರು ಹೆಗಲ ಮೇಲಿನ ಟವೆಲ್ ತೆಗೆದು ಕೈಯಲ್ಲಿ ಹಿಡಿದುಕೊಂಡು ನಿಂತರಂತೆ. ಆವತ್ತಿನಿಂದ ಮಾರುಕಟ್ಟೆಗೆ ಹೋಗಲಿಲ್ಲ. ಕಿವಿ ಹೋಯಿತು, ಅಂದಾಜು ತಪ್ಪಿತು ಎಂದು ಊರು ಮಾತಾಡಿಕೊಂಡಿತು.

ನನಗೆ ಆಗ ತಡೆಯಲಾಗಲಿಲ್ಲ. ತಡೆಯಲಾಗದೆ ಮಾಡಿದ್ದಾದರೂ ಏನು? ನಿಜ ಹೇಳಲಿಲ್ಲ, ಇನ್ನೊಂದು ಸುಳ್ಳು ಹೇಳಿದೆ. ಅವರು ಮಾತ್ರೆಗೆ ಬಂದಾಗ "ಸ್ಟಾಕ್ ಬರ್ತಿಲ್ಲ ಯಜಮಾನ್ರೇ, ಕಂಪನಿಯೋರು ನಿಲ್ಸಿಬಿಟ್ರು" ಎಂದು ನೋವಿನ ಮುಲಾಮು ಕೊಟ್ಟು ಕಳಿಸಿದೆ. ಒಂದು ವಾರ ಆಯಿತು. ಹತ್ತನೆಯ ದಿನವೋ ಹನ್ನೊಂದನೆಯ ದಿನವೋ ಬಂದು ಬೆಂಚಿನ ಮೇಲೆ ಕೂತರು. ನಾನೇ ಕೇಳಿದೆ. "ಹೋಯ್ತಪ್ಪ" ಅಂದರು. "ಜೀರುಂಡೆ ಹೋಯ್ತು. ಬೆಳಿಗ್ಗೆ ಎದ್ರೆ ಮನೆಯೆಲ್ಲ ನಿಶ್ಶಬ್ದ. ಒಲೆ ಮೇಲೆ ನೀರು ಕಾಯೋದೂ ಕೇಳಿಸ್ತು."

ಬೆಂಚಿನಲ್ಲಿದ್ದ ಒಬ್ಬರು, ಡಾಕ್ಟರ ಡ್ರಾಪ್ಸ್ ಕೆಲಸ ಮಾಡಿತು ಅಂದರು. ಇನ್ನೊಬ್ಬರು, ಇಲ್ಲ ಇಲ್ಲ, ನಮ್ಮ ಮೆಡಿಕಲ್ಲೋರು ಹೇಳಿದ ಪಥ್ಯ, ಉಪ್ಪು ಬಿಡಿಸಿದ್ದು ಇವರೇ ಅಲ್ವ ಅಂದರು. ನಾನು ಅಲ್ಲವೆಂದು ತಲೆಯಾಡಿಸಲಿಲ್ಲ. ಆ ಸುದ್ದಿ ಕೇಳಿ ಒಂದೆರಡು ತಿಂಗಳು ಕಿವಿಯಲ್ಲಿ ಸದ್ದು ಎಂದು ನನ್ನ ಹತ್ತಿರ ಬಂದವರೂ ಇದ್ದರು. ಅವರನ್ನು ಚಿಕ್ಕಬಳ್ಳಾಪುರಕ್ಕೆ ಕಳಿಸಿದೆ, ತೆಗೆದುಕೊಳ್ಳುತ್ತಿರುವ ಮಾತ್ರೆಗಳನ್ನೆಲ್ಲ ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸಿ ಎಂದು ಹೇಳಿ ಕಳಿಸಿದೆ. ಅದಷ್ಟೇ ನಾನು ಮಾಡಿದ ಒಳ್ಳೆಯ ಕೆಲಸ.

ಕಿವಿ ಸರಿಯಾದರೂ ಅವರನ್ನು ಗೂಡು ನೋಡಲು ಯಾರೂ ಕರೆಯಲಿಲ್ಲ. ಕಲೆಯಾದ ಲಾಟಿನ ಸುದ್ದಿ ಎಲ್ಲ ಹಳ್ಳಿಗೂ ಮುಟ್ಟಿತ್ತು. ಅದಕ್ಕೆ ಕಾರಣ ಏನು ಎಂದು ಹೇಳಬಲ್ಲವನು ನಾನೊಬ್ಬನೇ. ಅವರು ಮಾತ್ರ ಎಂದಿನಂತೆ ನನ್ನ ಬೆಂಚಿಗೆ ಬಂದರು. ಎರಡು ವರ್ಷ ಬಂದರು. ಕೂತು, ಊರ ಸುದ್ದಿ ಎಲ್ಲ ಮುಗಿದ ಮೇಲೆ ಸುಮ್ಮನೆ ನನ್ನ ಕಡೆ ನೋಡುತ್ತಿದ್ದರು. ನಾನು ಯಾವುದೋ ಡಬ್ಬಿ ಒರೆಸುತ್ತಿದ್ದೆ.

ಹೋದ ಶ್ರಾವಣದಲ್ಲಿ ಎರಡು ದಿನ ಜ್ವರ ಬಂದು ತೀರಿಕೊಂಡರು. ಹನ್ನೊಂದನೆಯ ದಿನದ ಊಟ ಮುಗಿಸಿ ಹೊರಡುವಾಗ ಅವರ ಹೆಂಡತಿ ನನ್ನನ್ನು ಹಿತ್ತಲ ಬಾಗಿಲಿನ ಹತ್ತಿರ ಕರೆದರು. ಸಿಟ್ಟಿರಲಿಲ್ಲ, ದನಿ ಮೆತ್ತಗಿತ್ತು.

"ಅವ್ರಿಗೆ ಗೊತ್ತಿತ್ತು ಸ್ವಾಮಿ. ಮಾತ್ರೆ ನಿಂತ ಎಂಟೊಂಬತ್ತು ದಿನಕ್ಕೇ ಸದ್ದು ನಿಂತ್ಹೋಯ್ತು, ಮಾತ್ರೇದೇ ಕೆಲ್ಸ ಕಣೇ ಇದು ಅಂದ್ರು. ಹೋಗಿ ಕೇಳೋಣ ಅಂದೆ ನಾನು. ಬೇಡ, ಆತ್ನಿಗೂ ಗೊತ್ತಾಗಿರ್ತದೆ, ತಾನೇ ಹೇಳ್ತಾನೆ ಬಿಡು ಅಂದ್ರು. ದಿನಾ ಅಲ್ಲಿಂದ ಬಂದ ತಕ್ಷಣ, ಇವತ್ತೇನಾರ ಹೇಳಿದ್ರಾ ಅಂತ ನಾನು ಕೇಳೋದು. ಇಲ್ಲ, ಹೇಳ್ತಾನೆ ಅನ್ನೋರು."

ತಪ್ಪಾಯ್ತಮ್ಮ ಅಂದೆ. ಅದು ಅವರಿಗೆ ಕೇಳಿಸಿತೋ ಇಲ್ಲವೋ.

"ನನಗೇನೂ ಹೇಳ್ಬೇಡಿ. ಆ ಮಂಡಿಕಲ್ ಹೆಣ್ಮಗ್ಳಿಗೆ ಒಂದ್ ಮಾತು ಹೇಳ್ಬಿಡಿ. ನಮ್ಮೋರ ಕಿವಿ ಕೆಟ್ಟಿರ್ಲಿಲ್ಲ, ಅಂತ. ಅಷ್ಟೇ ಸಾಕು" ಅಂದರು. ಆಯ್ತಮ್ಮ ಅಂದೆ.

ಹೋದೆ. ಬಸ್ಸಿಳಿದು ಕೇಳಿಕೊಂಡು ಅವಳ ಮನೆ ಹುಡುಕಿದೆ. ಶಿಡ್ಲಘಟ್ಟದ ಮೆಡಿಕಲ್ಲಿನವನು ಎಂದಾಗ ಗುರುತು ಹಿಡಿದಳು. ಚಾಪೆ ಹಾಕಿದಳು, ಮಜ್ಜಿಗೆ ಕೊಟ್ಟಳು. ಈಗ ಮೂರನೆಯ ಜ್ವರ ಕಳೆದು ಪೊರೆ ಬಿಟ್ಟ ಹುಳ ಇದೆ, ಚೆನ್ನಾಗಿದೆ ಅಂದಳು. ಒಳಗಿನಿಂದ ಹುಳ ಸೊಪ್ಪು ಮೇಯುವ ಸದ್ದು ಸಣ್ಣಗೆ ಕೇಳುತ್ತಿತ್ತು. ನಾನು ಮಾತು ಎತ್ತುವ ಮುಂಚೆ ಅವಳೇ ಎತ್ತಿದಳು.

"ಯಜಮಾನ್ರು ಹೋಗ್ಬಿಟ್ರಂತಲ್ಲ. ಒಳ್ಳೇರು ಪಾಪ. ನಾನವತ್ತು ಅಷ್ಟ್ ಜನ್ದಾಗೆ ಹಂಗನ್ಬಾರ್ದಿತ್ತು. ವಯಸ್ಸಾಗಿತ್ತು, ಕಿವಿ ಕೆಟ್ಟಿತ್ತು, ಅವ್ರೇನ್ ಮಾಡ್ತಾರೆ. ಅಲ್ವ ಸ್ವಾಮಿ?"

"ಹೌದಮ್ಮ" ಅಂದೆ. "ವಯಸ್ಸಾಗಿತ್ತು."

ಮಜ್ಜಿಗೆ ಕುಡಿದು ಲೋಟ ಕೆಳಗಿಟ್ಟು ಎದ್ದು ಬಂದೆ.

ಬಾಯಲ್ಲಿ ಆಗದ್ದು ಬರಹದಲ್ಲಾದರೂ ಆಗಲಿ ಎಂದು ಇದನ್ನು ಬರೆಯಲು ಕೂತೆ. ಆ ಮಂಡಿಕಲ್ ಹೆಣ್ಣುಮಗಳಿಗೆ ಓದು ಬಾರದು, ಆದರೆ ಅವಳ ಮಗಳು ಕಾಲೇಜಿಗೆ ಹೋಗುತ್ತಾಳೆ, ಓದಿ ಹೇಳುತ್ತಾಳೆ. ಹಾಗಾಗಿ ಮೊದಲ ಸಲ ಬರೆದಾಗ ಯಜಮಾನರ ಹೆಸರು, ಅವರಪ್ಪನ ಹೆಸರು, ಬೀದಿಯ ಹೆಸರು ಎಲ್ಲ ಹಾಕಿದ್ದೆ. ಹಾಕಿ ಓದಿಕೊಂಡೆ. ಅವರ ಹೆಸರು ಇದ್ದರೆ, ಅವರು ದಿನಾ ಕೂರುತ್ತಿದ್ದ ಬೆಂಚು ಯಾವ ಅಂಗಡಿಯದು ಎಂದು ಶಿಡ್ಲಘಟ್ಟದಲ್ಲಿ ಯಾರಿಗೂ ಹೇಳಬೇಕಾಗಿಲ್ಲ. ಪತ್ರಿಕೆಗೆ ಕಳಿಸಲು ಪ್ರತಿ ಮಾಡುವಾಗ ಅವರ ಹೆಸರು ತೆಗೆದುಹಾಕಿದೆ.